ಮೂವತ್ತೊಂದು ಚೀಟಿ, ಒಂಬತ್ತು ಗಿಡ

ಎರಡನೆಯ ವರ್ಷವೂ ಬೂದಿಕುಡಿ ಕಾಯಿ ಕಟ್ಟಲಿಲ್ಲ.

ಹೂವಿಗೇನೂ ಕೊರತೆಯಿರಲಿಲ್ಲ. ಹಸಿರು ಬಲೆಯ ಚಪ್ಪರದ ಕೆಳಗೆ ಸಾಲಾಗಿಟ್ಟ ಮೂವತ್ತೊಂದು ಕುಂಡಗಳಲ್ಲೂ, ಬೂದಿ ಎರಚಿದಂಥ ಎಲೆಗಳ ನಡುವೆ, ಅಂಗಿಯ ಗುಂಡಿಯಷ್ಟಗಲದ ನೇರಳೆ ಹೂಗಳು ಬಿಟ್ಟಿದ್ದವು. ಬೆಳಿಗ್ಗೆ ಏಳೂವರೆಗೇ ಬಂದು, ಬಿಸಿಲೇರುವ ಮುಂಚೆ, ಸಣ್ಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತ ಹೋಗುವುದು ದಾಖಲೆ ಸಹಾಯಕಿಯಾದ ನನ್ನ ಕೆಲಸ. ಯಾವ ಗಿಡದ ಪರಾಗ ಯಾವ ಹೂವಿಗೆ ಹೋಯಿತು ಎಂದು ತಿಳಿಯಲು ತೊಟ್ಟಿಗೆ ಬಣ್ಣದ ದಾರ ಕಟ್ಟುತ್ತಿದ್ದೆ. ಹತ್ತು ದಿನಕ್ಕೆ ಹೂ ಒಣಗಿ ದಾರದ ಸಮೇತ ಉದುರುತ್ತಿತ್ತು. ಕಸ ಗುಡಿಸುವವಳು ಒಂದು ಹಿಡಿ ದಾರ ತಂದು ನನ್ನ ಮೇಜಿನ ಮೇಲಿಟ್ಟು, "ಇದರಲ್ಲಿ ಒಂದು ಕುಲಾವಿ ಹೆಣೀಬಹುದು ನೋಡಿ" ಎಂದು ಹೋದಳು.

"ಕೈಗುಣ ಅಂತ ಒಂದಿರುತ್ತಮ್ಮ," ಎಂದರು ನಿರ್ದೇಶಕರು. "ನಿಮ್ಮ ಕೈಗೆ ಕಾಯಿ ಬರ್ತಿಲ್ಲ. ಹೋಗ್ಲಿ ಬಿಡಿ. ಕಡ್ಡಿಯಿಂದ ಮುನ್ನೂರು ಗಿಡ ಎದ್ದಿದೆಯಲ್ಲ? ಇನ್ನು ಹದಿನೆಂಟು ದಿನ. ಬೆಟ್ಟದ ಮೇಲೆ ನೆಟ್ಟುಬಿಟ್ಟರೆ ಅವೇ ಸಂಸಾರ ಮಾಡ್ಕೊಳ್ತವೆ."

ಅವರು ನಕ್ಕರು. ನಾನು ನಗಲಿಲ್ಲ.

ಬೂದಿಕುಡಿ ಎಂಬುದು ನಮ್ಮ ಸಸ್ಯೋದ್ಯಾನದ ಕೆಲಸಗಾರರು ಇಟ್ಟ ಹೆಸರು. ಲೋಕದಲ್ಲಿ ಅದು ಇದ್ದದ್ದು ಒಂದೇ ಒಂದು ಬೆಟ್ಟದ ಪಡುವಣ ಬಂಡೆಯ ಬಿರುಕುಗಳಲ್ಲಿ. ಎಂಟು ವರ್ಷದ ಹಿಂದೆ ಎಣಿಸಿದಾಗ ಮೂವತ್ತೊಂದು ಗಿಡ. ಇಲ್ಲೇ ಮಾಲಿಯಾಗಿರುವ ನನ್ನ ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಂಡೆಗಿಳಿದು, ಒಂದೊಂದರಿಂದಲೂ ಒಂದು ಕಡ್ಡಿ ಮುರಿದು ತಂದು ಬೇರು ಬರಿಸಿದ್ದರು. ಒಂದು ಗಿಡಕ್ಕೆ ಒಂದು ಕುಂಡ, ಒಂದು ಕುಂಡಕ್ಕೆ ಒಂದು ನಂಬರಿನ ಚೀಟಿ. ಆಮೇಲೆ ರಸ್ತೆ ಅಗಲ ಮಾಡುವಾಗ ಬಂಡೆಯ ಅರ್ಧ ಭಾಗ ಜಾರಿ ಕೆಳಗೆ ಬಂತು. ಈಗ ಅಲ್ಲಿ ಉಳಿದಿರುವುದು ಆರು. ಉಳಿದ ಇಪ್ಪತ್ತೈದು ಗಿಡಗಳಿಗೆ ನಮ್ಮ ಕುಂಡಗಳ ಹೊರತು ಬೇರೆ ನೆಲೆಯಿಲ್ಲ.

ಇನ್ನೊಂದು ಮಾತು. ಈ ಗಿಡಕ್ಕೆ ತನ್ನ ಪರಾಗ ತನಗೆ ಆಗುವುದಿಲ್ಲ. ತನ್ನ ಕಡ್ಡಿಯಿಂದ ಎದ್ದ ಗಿಡದ್ದೂ ಆಗುವುದಿಲ್ಲ. ಅದರ ಪಾಲಿಗೆ ಅದೂ ತಾನೇ. ಬೇರೆಯದೇ ಗಿಡದ ಪರಾಗ ಬಿದ್ದರೆ ಮಾತ್ರ ಕಾಯಿ. ಮೂವತ್ತೊಂದು ಬೇರೆ ಬೇರೆ ಗಿಡಗಳಿದ್ದೂ ಎರಡು ವರ್ಷದಿಂದ ಒಂದೂ ಕಾಯಿ ನಿಲ್ಲದಿದ್ದರೆ, ತಪ್ಪು ನನ್ನ ಕೈಯದ್ದಿರಬೇಕು. ಇಲ್ಲವೇ ಅವು ಮೂವತ್ತೊಂದು ಬೇರೆ ಬೇರೆ ಗಿಡಗಳಲ್ಲ.

ನಾನು ಅನುಮಾನದವಳು ಎಂಬುದು ಮನೆಯಲ್ಲೂ ಪ್ರಸಿದ್ಧ. "ಹಾಲಿನವನ ಹತ್ತಿರ ಹಸುವಿಗೆ ಸಾಕ್ಷಿ ಕೇಳೋಳು ನೀನು" ಎಂದು ಗಂಡ ಹಂಗಿಸುತ್ತಾರೆ. ಇರಲಿ. ಪ್ರತಿ ಗಿಡದಿಂದ ಒಂದೊಂದು ಎಲೆ ಕಿತ್ತು, ಮೇಲಿನ ಮಹಡಿಯ ಲ್ಯಾಬಿಗೆ ತೆಗೆದುಕೊಂಡು ಹೋಗಿ, ಡಿಎನ್‌ಎ ನೋಡಿಕೊಡಿ ಎಂದು ಕೇಳಿಕೊಂಡೆ. ಅಲ್ಲಿನ ವಿಜ್ಞಾನಿಯನ್ನು ಎಲ್ಲರೂ ಲ್ಯಾಬಿನಕ್ಕ ಎನ್ನುತ್ತಾರೆ. ಮಾತು ಕಡಿಮೆ, ಆಡಿದ ಮಾತಿಗೆ ಮೊನೆ ಹೆಚ್ಚು.

ನಾಲ್ಕನೆಯ ದಿನ ಅವರೇ ಕರೆದರು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆ, ಮೂಲೆಯಲ್ಲಿ ಗುಂಯ್‌ಗುಡುವ ಫ್ರೀಜರು. ಮೇಜಿನ ಮೇಲೆ ಒಂದು ಫೋಟೋ: ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಡ್ಡಗೆರೆಗಳ ಮೂವತ್ತೊಂದು ಕಂಬಸಾಲು. ಒಂದು ಸಾಲು ಒಂದು ಗಿಡ. ಗೆರೆಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದೇ ಆ ಗಿಡದ ಗುರುತು.

"ನೋಡು," ಎಂದು ಪೆನ್ನಿನ ಹಿಂಬದಿಯಿಂದ ತೋರಿಸಿದರು. "ಇದು, ಇದು, ಇದು, ಇದು. ಇಪ್ಪತ್ಮೂರು ಸಾಲು ಒಂದೇ ಅಚ್ಚು. ಎಲ್ಲಾ ನಿಮ್ಮ ನಾಲ್ಕನೇ ನಂಬರು. ಬೇರೆ ಇರೋದು ಎಂಟು. ಅಂದ್ರೆ ನಿಮ್ಮ ಹತ್ತಿರ ಹೆಸರು ಮೂವತ್ತೊಂದಿದೆ, ಜನ ಒಂಬತ್ತೇ."

ನನಗೆ ಕೂರಬೇಕೆನಿಸಿತು. ಕುರ್ಚಿಯ ಮೇಲೆ ಪೆಟ್ಟಿಗೆಗಳಿದ್ದವು.

"ಎಲೆ ಕಿತ್ತಿದ್ದು ಯಾರು?" ಎಂದರು ಲ್ಯಾಬಿನಕ್ಕ.

"ನಾನೇ."

"ಒಂದೇ ಗಿಡದ್ದು ಇಪ್ಪತ್ಮೂರು ಸಲ ಕಿತ್ತಿಲ್ಲ ತಾನೆ?"

"ಇಲ್ಲ ಅಕ್ಕ. ನಿಮ್ಮ ಟ್ಯೂಬುಗಳು ಅದಲುಬದಲಾಗಿಲ್ಲ ತಾನೆ?"

ಇಬ್ಬರೂ ಒಬ್ಬರನ್ನೊಬ್ಬರು ಒಂದು ಗಳಿಗೆ ನೋಡಿಕೊಂಡೆವು. ಆಮೇಲೆ ಅವರು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ರಂತೆ. ಇಬ್ಬರೂ ಮುಟ್ಕೊಂಡಾಯ್ತಲ್ಲ, ಇನ್ನೊಂದು ಸಲ ಮಾಡೋಣ" ಎಂದರು.

ಮತ್ತೆ ಮಾಡಿದೆವು. ಈ ಸಲ ಚಪ್ಪರದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಒಂದು ಎಲೆ ಕತ್ತರಿಸಿದ ಮೇಲೆ ಕತ್ತರಿ ಒರೆಸಿ ಇನ್ನೊಂದು. ಪ್ರತಿ ಪೊಟ್ಟಣದ ಬಾಯಿಗೂ ಅಂಟುಪಟ್ಟಿ, ಅದರ ಮೇಲೆ ನನ್ನ ಸಹಿ. ಮೂರು ದಿನದ ಮೇಲೆ ಅದೇ ಫೋಟೋ, ಅದೇ ಇಪ್ಪತ್ಮೂರು ಸಾಲು.

ಹಾಗಾದರೆ ಇಪ್ಪತ್ತೆರಡು ಗಿಡ ಎಲ್ಲಿ?

ನನ್ನ ತಲೆ ಮೊದಲು ಹೋದದ್ದು ಕಳ್ಳಪೇಟೆಗೆ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಗಿಡ ತಮ್ಮ ಗಾಜಿನ ಮನೆಯಲ್ಲಿರಬೇಕು ಎಂದು ಹಂಬಲಿಸುವ ಜನರಿದ್ದಾರೆ. ಅಸಲಿಯನ್ನು ಎತ್ತಿ ನಕಲಿಯನ್ನಿಟ್ಟರೆ ಯಾರಿಗೆ ಗೊತ್ತಾಗಬೇಕು? ಹೊರನೋಟಕ್ಕೆ ಎಲ್ಲವೂ ಬೂದಿ ಬಣ್ಣವೇ. ಚಪ್ಪರದ ಬೀಗದ ಕೈ ಇರುವುದು ಮೂವರಲ್ಲಿ. ನಿರ್ದೇಶಕರು ಬೂಟಿಗೆ ಕೆಸರಾಗುತ್ತದೆಂದು ಒಳಗೆ ಕಾಲಿಡುವವರಲ್ಲ. ನಾನಂತೂ ಕದ್ದಿಲ್ಲ, ಆದರೂ ರಾತ್ರಿ ಮಲಗಿದಾಗ, ನನಗೇ ತಿಳಿಯದಂತೆ ಏನಾದರೂ ಮಾಡಿದೆನೇ ಎಂದು ಒಮ್ಮೆ ಯೋಚಿಸಿದ್ದುಂಟು. ಉಳಿದವರು ಚಿಕ್ಕಪ್ಪ.

ಚಿಕ್ಕಪ್ಪ ಎಂದರೆ ನನ್ನ ಅಪ್ಪನ ಸ್ವಂತ ತಮ್ಮ. ಉದ್ಯಾನದ ಹಿರಿಯ ಮಾಲಿ, ಮೂವತ್ತನಾಲ್ಕು ವರ್ಷದ ಸರ್ವೀಸು, ನಿವೃತ್ತಿಗೆ ಇನ್ನು ಏಳು ತಿಂಗಳು. ಈ ಕೆಲಸ ಖಾಲಿಯಿದೆ ಎಂದು ನನಗೆ ತಿಳಿಸಿ ಅರ್ಜಿ ಹಾಕಿಸಿದವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯುತ್ತದೆಯೇ? ಮೇಯುತ್ತದೆ, ಗಾದೆ ಸುಮ್ಮನೆ ಹುಟ್ಟಿಲ್ಲ, ಎಂದಿತು ಮನಸ್ಸು.

ನಾನು ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಐದು ವರ್ಷದ ಹಿಂದಿನ ಚಿತ್ರದಲ್ಲಿ ಹದಿನೇಳನೇ ನಂಬರಿನ ಎಲೆ ಕಿರಿದು, ಅಂಚು ಹಲ್ಲುಹಲ್ಲು. ಈಗ ಅದೇ ಚೀಟಿಯ ಗಿಡಕ್ಕೆ ಅಗಲವಾದ, ನುಣುಪಂಚಿನ ಎಲೆ. ಇಷ್ಟು ದಿನ ನನ್ನ ಕಣ್ಣಿಗೇನಾಗಿತ್ತು? ಚೀಟಿ ಓದುತ್ತಿದ್ದೆ, ಎಲೆ ನೋಡುತ್ತಿರಲಿಲ್ಲ.

ಮಧ್ಯಾಹ್ನ, ಚಿಕ್ಕಪ್ಪ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಾಗ ಹತ್ತಿರ ಹೋದೆ.

"ಚಿಕ್ಕಪ್ಪ, ಈ ಹದಿನೇಳರ ಎಲೆ ಮೊದಲು ಸಣ್ಣ ಇತ್ತಲ್ವಾ?"

ಅವರು ತಲೆಯೆತ್ತಲಿಲ್ಲ. "ಬೆಳೆಯುತ್ತಮ್ಮ ಎಲೆ. ವಯಸ್ಸಾದ್ರೆ ಮನುಷ್ಯರ ಕಿವೀನೇ ಬೆಳೆಯುತ್ತೆ. ನನ್ನ ಕಿವಿ ನೋಡು."

"ಅಂಚಲ್ಲಿ ಹಲ್ಲಿತ್ತು."

"ವಯಸ್ಸಾದ್ರೆ ಹಲ್ಲೂ ಬಿದ್ದುಹೋಗುತ್ತೆ."

ಪಕ್ಕದಲ್ಲಿದ್ದ ಕಸ ಗುಡಿಸುವವಳು ಕಿಸಕ್ಕನೆ ನಕ್ಕಳು. ಚಿಕ್ಕಪ್ಪ ನಗಲಿಲ್ಲ. ತಮಾಷೆ ಮಾಡಿ ತಾವೇ ಮೊದಲು ನಗುವ ಮನುಷ್ಯ ಅವರು. ಕಳೆ ಕೀಳುವ ಕೈ ಅದೇ ಜಾಗದಲ್ಲಿ, ಬರಿಮಣ್ಣಿನಲ್ಲಿ, ಎರಡು ಸಲ ಆಡಿತು. ನಾನು ಅದನ್ನು ಕಂಡೆ.

ಅಂದಿನಿಂದ ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಯಾವಾಗ ಬರುತ್ತಾರೆ, ಚಪ್ಪರದೊಳಗೆ ಎಷ್ಟು ಹೊತ್ತಿರುತ್ತಾರೆ, ಯಾರ ಫೋನು ಬಂದರೆ ಆಚೆ ಹೋಗಿ ಮಾತಾಡುತ್ತಾರೆ. ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ. ಸಂಜೆ ಮನೆಗೆ ಹೊರಡುವಾಗ ಅವರ ಊಟದ ಚೀಲ ಬೆಳಗಿಗಿಂತ ಭಾರವಾಗಿರುವುದನ್ನು ಗಮನಿಸಿದೆ. ಬುತ್ತಿ ಖಾಲಿಯಾದ ಮೇಲೆ ಚೀಲ ಹಗುರವಾಗಬೇಕಲ್ಲವೇ? ಚೀಲದ ಹಿಡಿ ಅವರ ಬೆರಳನ್ನು ಕೆಳಕ್ಕೆ ಜಗ್ಗುತ್ತಿತ್ತು.

ಶನಿವಾರ ಅವರು ಕೈಕಾಲು ತೊಳೆಯಲು ಹೋದಾಗ ಮೊಳೆಗೆ ತೂಗುಹಾಕಿದ್ದ ಚೀಲದೊಳಗೆ ಕೈಹಾಕಿದೆ. ಗಿಡವಿರಲಿಲ್ಲ. ಒದ್ದೆ ಕಾಗದವೂ ಇರಲಿಲ್ಲ. ಎರಡು ದೊಡ್ಡ ಬಾಟಲಿಗಳ ತುಂಬ ನೀರಿತ್ತು. ಮುಚ್ಚಳ ತೆಗೆದು ಮೂಸಿದೆ. ಬರೀ ನೀರು, ಚಪ್ಪರದ ಹಿಂದಿನ ಮಳೆನೀರಿನ ತೊಟ್ಟಿಯದ್ದು, ಅದರದೇ ಸಣ್ಣ ಪಾಚಿ ವಾಸನೆ.

ಮನೆಯಲ್ಲಿ ನಲ್ಲಿಯಿರುವ ಮನುಷ್ಯ ದಿನಾ ನೀರನ್ನೇಕೆ ಹೊರುತ್ತಾರೆ?

ಭಾನುವಾರ ಬೆಳಿಗ್ಗೆ, ಬಾಳೆಹಣ್ಣು ಹಿಡಿದುಕೊಂಡು, ಚಿಕ್ಕಮ್ಮನನ್ನು ನೋಡಲು ಬಂದವಳಂತೆ ಅವರ ಮನೆಗೆ ಹೋದೆ. ಸಾಲುಮನೆಗಳ ಕೊನೆಯ ಮನೆ. ಮೆಟ್ಟಿಲು ಹೊರಗಿನಿಂದಲೇ ತಾರಸಿಗೆ ಹತ್ತುತ್ತದೆ. ಚಿಕ್ಕಮ್ಮ ಬಾಗಿಲಲ್ಲೇ, "ಏನೇ, ದಾರಿ ತಪ್ಪಿ ಬಂದ್ಯಾ? ವರ್ಷಕ್ಕೊಂದು ಸಲ ಮುಖ ತೋರಿಸ್ತೀಯ, ಅದೂ ಬಾಳೆಹಣ್ಣು ಲಂಚ ಕೊಟ್ಟು" ಎಂದರು. ಕಾಫಿಗಿಟ್ಟರು. ಚಿಕ್ಕಪ್ಪ ಕಾಣಲಿಲ್ಲ.

"ಎಲ್ಲಿ ಚಿಕ್ಕಪ್ಪ?"

"ಮೇಲಿದ್ದಾರೆ, ಬರ್ತಾರೆ ಕೂತ್ಕೋ."

"ನಾನೇ ಹೋಗಿ ಮಾತಾಡಿಸ್ತೀನಿ."

"ಬೇಡ ಬೇಡ," ಎಂದು ಚಿಕ್ಕಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಈಚೆ ಬಂದರು. "ತಾರಸಿ ಒದ್ದೆ ಇದೆ, ಜಾರ್ತೀಯ."

ಒಂದು ವಾರದಿಂದ ಹನಿ ಮಳೆಯಿರಲಿಲ್ಲ. ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಹತ್ತಿದೆ.

ನೀರಿನ ಟ್ಯಾಂಕಿನ ಹಿಂದೆ, ಹಳೆಯ ಹಾಸಿಗೆ ಬಟ್ಟೆಯೊಂದನ್ನು ನೆರಳಿಗೆ ಕಟ್ಟಿತ್ತು. ಅದರ ಕೆಳಗೆ ಎಣ್ಣೆ ಡಬ್ಬ, ಪೇಂಟಿನ ಡಬ್ಬ, ಹಿಡಿ ಮುರಿದ ಬಕೆಟ್ಟು, ತೂತು ಬಿದ್ದ ಒಂದು ಕುಕ್ಕರು. ಒಂದೊಂದರಲ್ಲೂ ಬೂದಿಕುಡಿ. ಎಣಿಸಿದೆ: ಹದಿನಾಲ್ಕು. ಒಂದರ ಎಲೆ ಕಿರಿದು, ಅಂಚು ಹಲ್ಲುಹಲ್ಲು. ಚಿಕ್ಕಪ್ಪ ಬಾಟಲಿಯ ಮುಚ್ಚಳದಿಂದ ಅಳೆದು ಅಳೆದು ನೀರು ಹಾಕುತ್ತಿದ್ದರು.

"ಯಾರಿಗೆ ಮಾರ್ತಿದ್ದೀರಿ ಚಿಕ್ಕಪ್ಪ?"

ಹೀಗೆ ಕೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಮಾತು ಬಾಯಿಂದ ಜಾರಿತು.

ಅವರು ಮುಚ್ಚಳವನ್ನು ಕೆಳಗಿಟ್ಟರು. ಸಿಟ್ಟು ಬರಬಹುದು ಎಂದುಕೊಂಡೆ. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಯಾವ ಮಾತಿನಿಂದ ಶುರುಮಾಡಬೇಕು ಎಂದು ಹುಡುಕುವವರ ಹಾಗಿದ್ದರು.

"ಮಾರೋದಾ? ಈ ಕುಕ್ಕರಲ್ಲಿ ಇಟ್ಟಿರೋದನ್ನ ಯಾರು ಕೊಳ್ತಾರೆ?"

"ಮತ್ತೆ ಕದ್ದಿದ್ದೇಕೆ?"

"ಸಾಯ್ತಿದ್ವು. ತಂದೆ." ಕುಕ್ಕರಿನ ಗಿಡದ ಒಣ ಎಲೆಯೊಂದನ್ನು ಚಿವುಟಿ ತೆಗೆದರು. ಆಮೇಲೆ ತಾವೇ ಮುಂದುವರಿಸಿದರು. "ಮೂರು ವರ್ಷದ ಹಿಂದೆ ನಿಮ್ಮ ಸಾಹೇಬ್ರು ಹೊಸ ಮಣ್ಣು ತರಿಸಿದ್ರಲ್ಲ, ಚೀಲದಲ್ಲಿ ಬರೋದು, ಮೆತ್ತಗೆ ಕೇಕಿನ ಥರ ಇರೋದು? ಇದು ಬಂಡೆ ಗಿಡ ಸಾರ್, ಬೇರು ನೀರಲ್ಲಿ ನಿಂತ್ರೆ ಕೊಳೆಯುತ್ತೆ ಅಂದೆ. ‘ಇದು ವೈಜ್ಞಾನಿಕ ಮಿಶ್ರಣ’ ಅಂದ್ರು. ಹಾಕ್ದೆ. ಎರಡೇ ತಿಂಗಳಿಗೆ ಎಂಟು ಕರಗಿ ಹೋಯ್ತು. ಇನ್ನೊಂದಿಷ್ಟು ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ಬೇರೆ ಎಂಟು ಸೊರಗಿದ್ರೂ ನಿಂತ್ವು, ಹೂ ಬಿಡ್ತವೆ, ಆದ್ರೆ ಪರಾಗ ಜೊಳ್ಳು, ಕಾಯಿ ಹೊರೋ ಶಕ್ತೀನೂ ಇಲ್ಲ. ನಾಲ್ಕನೇ ನಂಬರು ಒಂದೇ ಜಗ್ಗಲಿಲ್ಲ. ಅದನ್ನ ಕಲ್ಲಿಗೆ ಕಟ್ಟಿದ್ರೂ ಚಿಗುರುತ್ತೆ."

"ಅದಕ್ಕೆ ಅದರ ಕಡ್ಡಿ ಚುಚ್ಚಿದ್ರಾ?"

"ಇನ್ನೇನು ಮಾಡ್ಲಿ? ಕುಂಡ ಖಾಲಿ ಬಿಡೋಕಾಗುತ್ತಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಗುಲಾಬಿ ಸಾಲಲ್ಲಿ ಒಂದು ಸತ್ರೆ ಏನು ಮಾಡ್ತೀವಿ? ಗ್ಯಾಪ್ ತುಂಬ್ತೀವಿ. ಮೂವತ್ತನಾಲ್ಕು ವರ್ಷದಿಂದ ಅದೇ ಮಾಡಿದ್ದೀನಿ. ಸಾಹೇಬ್ರು ಪ್ರತಿ ತಿಂಗಳು ಬಾಗಿಲಲ್ಲೇ ನಿಂತು, ‘ಮೂವತ್ತೊಂದೂ ಇದೆಯಾ?’ ಅಂತ ಕೇಳೋರು. ಇದೆ ಸಾರ್ ಅನ್ನಬೇಕಿತ್ತು. ಅಂದೆ."

"ಚೀಟಿ? ಸತ್ತ ಗಿಡದ ಚೀಟೀನ ಹಾಗೇ ಬಿಟ್ರಲ್ಲ ಚಿಕ್ಕಪ್ಪ!"

"ನೀನೇ ತಾನೇ ಬರೆದು ಅಂಟಿಸಿದ್ದು? ‘ಯಾವ ಕುಂಡದ ಚೀಟಿಯನ್ನೂ ಯಾವ ಕಾರಣಕ್ಕೂ ತೆಗೆಯಬಾರದು.’ ಯಾವ ಕಾರಣಕ್ಕೂ ಅನ್ನೋದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಅದಕ್ಕೇ ಮುಟ್ಟಲಿಲ್ಲ."

ಆ ಸೂಚನೆಯನ್ನು ನಾನು ಮೂರು ಸಲ ತಿದ್ದಿ ಬರೆದಿದ್ದೆ. ಕೆಲಸಗಾರರು ಚೀಟಿ ಕಿತ್ತು ಬೆರೆಸಿಬಿಡುತ್ತಾರೆಂಬ ಭಯಕ್ಕೆ ಬರೆದದ್ದು ಅದು. ಚೀಟಿ ಇರುವುದು ಕುಂಡಕ್ಕಲ್ಲ, ಒಳಗಿನ ಗಿಡಕ್ಕೆ. ಗಿಡ ಸತ್ತರೆ ಸತ್ತಿತೆಂದೇ ಹೇಳಿ. ಅದರ ಜಾಗಕ್ಕೆ ಇನ್ನೊಂದು ಬರಲಾರದು. ಇಷ್ಟನ್ನು ಒಂದು ಸಲವೂ ಅವರ ಎದುರು ಕೂತು ಹೇಳಿರಲಿಲ್ಲ. ಅಪ್ಪನ ತಮ್ಮನಿಗೆ ಗಿಡದ ವಿಷಯ ಹೇಳಿಕೊಡುವುದು ಹೇಗೆಂದು ಸಂಕೋಚಪಟ್ಟು ಗೋಡೆಗೆ ಹೇಳಿದ್ದೆ.

"ಇವನ್ನ ತೋರಿಸ್ಬಹುದಿತ್ತಲ್ಲ," ಎಂದೆ, ಕೊನೆಗೆ.

"ಹೊರಗೆ ತಗೊಂಡ್ಹೋದ್ರೆ ಕೆಲಸ ಹೋಗುತ್ತೆ ಅಂತಲೂ ಗೋಡೆ ಮೇಲಿದೆ. ಮೊದಲು ಬದುಕ್ಲಿ, ಆಮೇಲೆ ನೋಡೋಣ ಅಂದ್ಕೊಂಡೆ. ಬದುಕಿದ್ವು. ಅಷ್ಟೊತ್ತಿಗೆ ಹೇಳೋಕೆ ತಡವಾಗಿತ್ತು."

ಮೆಟ್ಟಿಲ ಮೇಲೆ ಚಿಕ್ಕಮ್ಮನ ತಲೆ ಕಂಡಿತು. "ಗೊತ್ತಾಯ್ತಲ್ಲ? ಬಟ್ಟೆ ಒಣಹಾಕೋಕೆ ಜಾಗ ಇಲ್ಲ ನನಗೆ. ನೆಂಟರು ಬಂದ್ರೆ ತಾರಸಿ ಒದ್ದೆ ಅಂತ ಸುಳ್ಳು ಹೇಳ್ಬೇಕು. ನನ್ನ ಕುಕ್ಕರು ಚೆನ್ನಾಗೇ ಇತ್ತು ಕಣೆ, ತೂತು ಮಾಡಿದ್ದು ಇವರೇ."

"ಯಾವುದು ಯಾವ ನಂಬರು ಚಿಕ್ಕಪ್ಪ?"

"ಅದು ಗೊತ್ತಿಲ್ಲ. ಚೀಟಿ ಅಲ್ಲೇ ಇತ್ತಲ್ಲ."

ಆ ಹೊತ್ತಿಗೂ ನಾನು ಅವರ ಮಾತನ್ನು ಪೂರ್ತಿ ನಂಬಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಹದಿನಾಲ್ಕೂ ನಾಲ್ಕನೇ ನಂಬರಿನ ಕಡ್ಡಿಗಳೇ ಆಗಿದ್ದು, ಅಸಲಿ ಬೇರೆಲ್ಲೋ ಹೋಗಿದ್ದರೆ? ಹದಿನಾಲ್ಕು ಎಲೆ ಕತ್ತರಿಸಿ ತಂದೆ. ನಾಟಿಗೆ ಐದು ದಿನ ಉಳಿದಿತ್ತು. ಲ್ಯಾಬಿನಕ್ಕ ಏನೂ ಕೇಳದೆ ಎರಡು ದಿನ ಊಟಕ್ಕೂ ಏಳದೆ ಮಾಡಿಕೊಟ್ಟರು.

"ಹದಿಮೂರು ಹೊಸಬರು," ಎಂದರು. "ಹದಿನಾಲ್ಕರಲ್ಲಿ ಎರಡು ಒಂದೇ. ಬಂಡೆಯೊಳಗೆ ಒಂದೇ ಬೇರಿಂದ ಎರಡು ಕಡೆ ಎದ್ದಿರಬೇಕು, ನಾವೇ ಎರಡು ನಂಬರು ಕೊಟ್ಟಿದ್ದೀವಿ. ನಾಲ್ಕನೇ ನಂಬರು ಇದರಲ್ಲಿ ಒಂದೂ ಇಲ್ಲ." ಫೋಟೋ ನನ್ನ ಕೈಗಿಟ್ಟು, ಕನ್ನಡಕದ ಮೇಲಿಂದ ನೋಡಿದರು. "ಎಲ್ಲಿ ಸಿಕ್ತು?"

"ಹೇಳ್ತೀನಿ ಅಕ್ಕ. ಮೊದಲು ಸಾಹೇಬ್ರಿಗೆ ಹೇಳ್ಬೇಕು."

"ಹುಷಾರು. ಹೇಳಿದ ಮೇಲೆ ನಿನ್ನ ಮಾತು ನಿನ್ನ ಕೈಲಿರಲ್ಲ."

ಒಂಬತ್ತು ಮತ್ತು ಹದಿಮೂರು. ಇಪ್ಪತ್ತೆರಡು ಬೇರೆ ಬೇರೆ ಗಿಡಗಳು ಜೀವಂತವಾಗಿವೆ. ಎಂಟು ಹೋದವು, ಬಂಡೆಯ ಮೇಲಿನ ಆರರಲ್ಲಿ ಇಲ್ಲದಿದ್ದರೆ ಅವು ಇನ್ನು ಬರುವುದಿಲ್ಲ. ಆದರೆ ಮುನ್ನೂರು ಗಿಡಗಳನ್ನು ಬೆಟ್ಟದ ಮೇಲೆ ನೆಟ್ಟರೆ, ಹೆಚ್ಚುಕಡಿಮೆ ಎಲ್ಲವೂ ನಾಲ್ಕನೇ ನಂಬರು. ಬಂಡೆಯಲ್ಲಿ ಉಳಿದ ಆರರ ಹೂವಿಗೆ ದುಂಬಿ ತರುವುದೆಲ್ಲ ಅದರದೇ ಪರಾಗ. ನಾಲ್ಕರ ಹೂವಿಗೆ ನಾಲ್ಕರದೇ, ಅಂದರೆ ಕಾಯಿಯಿಲ್ಲ. ಕೆಲವೇ ವರ್ಷಗಳಲ್ಲಿ ಬೆಟ್ಟ ಹಸಿರಾಗಿ ಕಾಣುತ್ತದೆ. ಅದರ ಮೇಲೆ ಒಂದು ರೋಗ ಬಿದ್ದರೆ ಒಂದೇ ಸಲಕ್ಕೆ ಬರಿದಾಗುತ್ತದೆ.

ಬುಧವಾರ ಎಲ್ಲವನ್ನೂ ಬರೆದೆ. ಎರಡು ಪುಟ. ಸೂಚನೆಯನ್ನು ತಪ್ಪಾಗಿ ಬರೆದದ್ದು ನಾನು. ಸತ್ತ ಗಿಡಗಳ ಜಾಗಕ್ಕೆ ಕಡ್ಡಿ ನೆಟ್ಟು, ಸಾಯುತ್ತಿದ್ದವನ್ನು ಮನೆಗೆ ಒಯ್ದದ್ದು ಹಿರಿಯ ಮಾಲಿ. ಬೇರು ಕೊಳೆತದ್ದು ನಿರ್ದೇಶಕರು ತರಿಸಿದ ಮಣ್ಣಿನ ಮಿಶ್ರಣದಿಂದ. ಚಿಕ್ಕಪ್ಪನಿಗೆ ಓದಿ ಹೇಳಿದೆ. "ಸರಿಯಾಗಿದೆ" ಎಂದರು. ನಿರ್ದೇಶಕರ ಕೋಣೆಯ ಹೊರಗೆ ಬೆಂಚಿನ ಮೇಲೆ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಒಳಗೆ ಹೋದೆ.

ನಿರ್ದೇಶಕರು ಮೊದಲ ಪುಟವನ್ನು ಬೇಗ ಓದಿದರು. ಎರಡನೆಯದರಲ್ಲಿ ಒಂದು ಕಡೆ ನಿಂತರು, ಹಿಂದಕ್ಕೆ ಹೋದರು, ಮತ್ತೆ ಓದಿದರು. ಮೇಜಿನ ಮೇಲೆ ನಾಟಿ ಸಮಾರಂಭದ ಆಹ್ವಾನ ಪತ್ರಿಕೆಗಳ ಕಟ್ಟು ಇನ್ನೂ ಬಿಚ್ಚಿರಲಿಲ್ಲ.

"ಕೂತ್ಕೊಳ್ಳಿ," ಎಂದರು. ಎಂದೂ ಹಾಗೆ ಹೇಳಿದವರಲ್ಲ. "ಪಾಪ, ಆ ಮನುಷ್ಯ. ಇನ್ನು ಏಳು ತಿಂಗಳು, ಅಲ್ವಾ? ನಿಮಗೆ ಸಂಬಂಧ ಬೇರೆ."

"ಹೌದು ಸಾರ್."

"ಇದನ್ನ ಹೀಗೇ ಮೇಲಕ್ಕೆ ಕಳಿಸಿದ್ರೆ ಕಳ್ಳತನ ಅಂತಾರೆ. ವಿಚಾರಣೆ, ಅಮಾನತು. ಬೇಕಾ?" ಪೆನ್ನಿನ ಕ್ಯಾಪು ತೆಗೆದು ನನ್ನ ಕಡೆ ಚಾಚಿದರು. "ಆ ಗಿಡಗಳು ಹಳೇ ಗಾಜಿನ ಮನೇಲಿ ಸಿಕ್ವು ಅಂತ ಬರೀರಿ. ಅವರ ಹೆಸರೇ ಬರಲ್ಲ. ನಾಟೀನೂ ಮುಂದಕ್ಕೆ ಹಾಕೋಣ, ನೀವು ಹೇಳೋದು ಸರಿ. ಹಾಗೇ ಈ ಮಣ್ಣಿನ ಸಾಲು... ಅದೇನು ಅಷ್ಟು ಮುಖ್ಯ ಅಲ್ವಲ್ಲ. ಹೊಡೆದುಹಾಕಿ."

ಒಂದು ಕ್ಷಣ ನನಗೆ ಅವರು ಒಳ್ಳೆಯವರಂತೆಯೇ ಕಂಡರು. ಪೆನ್ನು ನನ್ನ ಕೈಯಲ್ಲಿತ್ತು. ಕೇಳಿದ್ದು ಸಣ್ಣದು: ಒಂದು ಸಾಲು. ಕೊಡುವುದು ದೊಡ್ಡದು. ಅದಕ್ಕೇ ಅನುಮಾನ ಬಂತು.

"ಮುಂದೆಯೂ ಅದೇ ಮಣ್ಣು ಬರುತ್ತಾ ಸಾರ್?"

"ಐದು ವರ್ಷಕ್ಕೆ ಒಪ್ಪಂದ ಆಗಿದೆಯಮ್ಮ. ಇನ್ನೂ ಅರ್ಧ ಗೋದಾಮು ತುಂಬ ಇದೆ."

"ಐದು ನಿಮಿಷ ಸಾರ್," ಎಂದು ಹಾಳೆ ಹಿಡಿದುಕೊಂಡೇ ಹೊರಗೆ ಬಂದೆ.

ಚಿಕ್ಕಪ್ಪ ಬೆಂಚಿನಿಂದ ಎದ್ದು ನಿಂತರು. ನಾನು ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿದರು.

"ಆ ಸಾಲು ಹೊಡೆದ್ರೆ ನನ್ನ ಹೆಸರು ಬರಲ್ವಾ?"

"ಬರಲ್ಲ."

"ನಾಟಿಯೂ ನಿಲ್ಲುತ್ತಾ?"

"ನಿಲ್ಲುತ್ತೆ ಅಂದಿದ್ದಾರೆ."

"ನಂಬ್ತೀಯಾ?"

"ಇಲ್ಲ."

"ನೀನು ಯಾರನ್ನ ತಾನೇ ನಂಬ್ತೀಯ?" ಎಂದು ಸ್ವಲ್ಪ ನಕ್ಕರು. ಆಮೇಲೆ ಟೋಪಿಯ ಅಂಚನ್ನು ತಿರುವುತ್ತ ನಿಂತರು. ಅವರು ಏನು ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಏಳು ತಿಂಗಳು, ಚಿಕ್ಕಮ್ಮ, ಸಾಲುಮನೆಗಳಲ್ಲಿ ಜನ ಆಡಿಕೊಳ್ಳುವುದು. "ಆ ಹದಿನಾಲ್ಕನ್ನ ಇಲ್ಲಿಗೆ ತಂದ್ರೆ ಯಾವ ಮಣ್ಣಲ್ಲಿಡ್ತಾರೆ?"

"ಸಾಲು ಹೊಡೆದ್ರೆ, ಗೋದಾಮಿನದ್ದರಲ್ಲೇ."

"ಹಾಗಾದ್ರೆ ಇರ್ಲಿ ಬಿಡು ಆ ಸಾಲು," ಎಂದರು. "ಅಲ್ಲಿಂದ ಎತ್ತಿದ್ದೇ ಅದಕ್ಕೆ."

ನಾನು ಮತ್ತೆ ಒಳಗೆ ಹೋಗಿ, ಎರಡು ಪುಟವನ್ನೂ ಇದ್ದ ಹಾಗೇ ಮೇಜಿನ ಮೇಲಿಟ್ಟೆ. ಒಂದು ನಕಲು ಲ್ಯಾಬಿನಕ್ಕನ ಹತ್ತಿರ ಇದೆ ಎಂದೂ ಹೇಳಿದೆ. ನಿರ್ದೇಶಕರು ನನ್ನನ್ನು ನೋಡಿದ ರೀತಿ ಹೊಸದೇನಲ್ಲ. ಹದಿನೈದು ದಿನದಿಂದ ನಾನು ಎಲ್ಲರನ್ನೂ ಹಾಗೇ ನೋಡುತ್ತಿದ್ದೆ. ಆಮೇಲೆ ಹಾಳೆಯ ಕೆಳಗೆ ಬರೆದರು: ನಾಟಿ ಮುಂದೂಡಲಾಗಿದೆ. ಗಿಡಗಳನ್ನು ಇಂದೇ ವಶಕ್ಕೆ ಪಡೆಯುವುದು. ಹಿರಿಯ ಮಾಲಿ ಮತ್ತು ದಾಖಲೆ ಸಹಾಯಕಿಯ ಮೇಲೆ ವಿಚಾರಣೆ. ತಮ್ಮ ಹೆಸರನ್ನು ಸೇರಿಸಲಿಲ್ಲ. ಆದರೆ ಆ ಸಾಲು ಅಲ್ಲೇ ಇತ್ತು, ಅವರ ಸಹಿಗೆ ನಾಲ್ಕು ಬೆರಳು ಮೇಲೆ.

ಹೊರಗೆ ಬಂದರೆ ಬೆಂಚು ಖಾಲಿ.

ಮನಸ್ಸು ಬದಲಾಯಿಸಿದರೇ? ಮನೆಗೆ ಓಡಿ ಗಿಡಗಳನ್ನು ಬಚ್ಚಿಡಲು ಹೋದರೇ, ಕಿತ್ತೆಸೆಯಲು ಹೋದರೇ? ಗೇಟಿನವರೆಗೆ ಓಡಿದೆ. ವಾಚ್‌ಮನ್, "ಇಲ್ಲಮ್ಮ, ಈ ಕಡೆ ಬಂದಿಲ್ಲ" ಎಂದ. ಚಪ್ಪರದಲ್ಲಿ ಇರಲಿಲ್ಲ, ಉಪಕರಣದ ಕೋಣೆಯಲ್ಲೂ ಇರಲಿಲ್ಲ. ಕೊನೆಗೆ ಗೋದಾಮಿನ ಹಿಂದೆ ಸರಸರ ಸದ್ದು ಕೇಳಿಸಿತು.

ಚಿಕ್ಕಪ್ಪ ಅಂಗಿ ತೋಳು ಮಡಚಿ, ಒಡೆದ ಇಟ್ಟಿಗೆ ಚೂರನ್ನೂ ಬಂಡೆಯ ಜಲ್ಲಿಯನ್ನೂ ದೊಡ್ಡ ಜರಡಿಗೆ ಹಾಕಿ ಒಬ್ಬರೇ ಆಡಿಸುತ್ತಿದ್ದರು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಹದಿನಾಲ್ಕು ಕುಂಡಗಳು. ದೂಳಿನಿಂದ ಅವರ ಹುಬ್ಬು ಬೆಳ್ಳಗಾಗಿತ್ತು.

"ಓಡಿಹೋದೆ ಅಂದ್ಕೊಂಡ್ಯಾ?" ಎಂದರು, ನನ್ನ ಏದುಸಿರು ನೋಡಿ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು," ಎಂದೆ.

"ಬಿಸಿಲು ಇಳಿಯೋದ್ರೊಳಗೆ ಇದು ಮುಗಿದ್ರೆ, ತಂಪು ಹೊತ್ತಲ್ಲಿ ಗಿಡ ತಂದು ಇಡಬಹುದು. ವಿಚಾರಣೆ ಅಂತ ನನ್ನ ಒಳಗೆ ಬಿಡದೆ ಹೋದ್ರೆ ನೀನೇ ಮಾಡ್ಬೇಕು, ನೋಡ್ಕೋ. ಎರಡು ಪಾಲು ಜಲ್ಲಿ, ಒಂದು ಪಾಲು ಇಟ್ಟಿಗೆ, ಮಣ್ಣು ಒಂದೇ ಹಿಡಿ. ನೀರು ಮಳೇದು ಮಾತ್ರ. ನಲ್ಲೀದು ಹಾಕಿದ್ರೆ ಎಲೆ ತುದಿ ಸುಡುತ್ತೆ. ಗೋಡೆಗೆ ಬರೀಬೇಡ. ಕೇಳಿಸ್ಕೋ."

"ಕೇಳಿಸ್ಕೊಂಡೆ. ಎರಡು ಪಾಲು ಜಲ್ಲಿ, ಒಂದು ಇಟ್ಟಿಗೆ."

"ಮಣ್ಣು?"

"ಒಂದು ಹಿಡಿ."

"ಯಾರ ಹಿಡಿ? ನಿನ್ನದಲ್ಲ, ನನ್ನದು. ನಿನ್ನದರಲ್ಲಿ ಒಂದೂವರೆ," ಎಂದು ಜರಡಿಯ ಇನ್ನೊಂದು ತುದಿಯನ್ನು ನನ್ನ ಕಡೆ ತಿರುಗಿಸಿದರು. ನಾನು ಚೂಡಿದಾರದ ತೋಳು ಮಡಚಿ ಹಿಡಿದುಕೊಂಡೆ.